ಕೇಳದ ಕಿವಿಯ ಹೊಸ್ತಿಲು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಗೆರೆಯಮ್ಮ ಎಂದೇ ಕರೆಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಸೂಕ್ಷ್ಮದರ್ಶಕದ ಪರದೆಯ ಮುಂದೆ ಕುಳಿತು, ಕತ್ತಲಿನಲ್ಲಿ ಹಸಿರಾಗಿ ಹೊಳೆಯುವ ಕಿರುತುಣುಕುಗಳ ಮೇಲೆ ಗೆರೆ ಎಳೆದು ಉದ್ದ ಅಳೆಯುವುದು ಅವಳ ಉದ್ಯೋಗ. ನರಕೋಶದ ಒಡಲಿನಿಂದ ಉದ್ದನೆಯ ತಂತು ಹೊರಡುವ ಜಾಗದಲ್ಲಿರುವ ತುಣುಕು ಅದು. ನೂರಾರು ಕಡೆಯಿಂದ ಬಂದ ಪಿಸುಮಾತುಗಳು ಒಡಲಿನಲ್ಲಿ ಕೂಡಿಕೊಂಡು ಅಲ್ಲಿಗೆ ಬಂದು ಕದ ತಟ್ಟುತ್ತವೆ. ತಟ್ಟಿದ್ದು ಸಾಕಾದರೆ ಸಂಕೇತ ಅಲ್ಲಿಂದಲೇ ಸಿಡಿದು ಹೊರಡುತ್ತದೆ; ಸಾಲದಿದ್ದರೆ ಅಲ್ಲೇ ಅಡಗುತ್ತದೆ. ಪುಸ್ತಕಗಳು ಅದಕ್ಕೆ ನಾಲಿಗೆ ಹೊರಳದಂಥ ಹೆಸರಿಟ್ಟಿದ್ದವು. ಲ್ಯಾಬಿನವರು ‘ಹೊಸ್ತಿಲು’ ಅನ್ನುತ್ತಿದ್ದರು.

ಕಲ್ಲಿನ ಹೊಸ್ತಿಲಲ್ಲ ಇದು. ಕೋಶ ಕಂಡ ದಿನಗಳಿಗೆ ತಕ್ಕಂತೆ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ಕೆಲವೊಮ್ಮೆ ತುಸು ಸರಿದು ಕೂರುತ್ತದೆ. ಉದ್ದವಾದರೆ ಕೋಶಕ್ಕೆ ಮಾತು ಬೇಗ ಹೊರಡುತ್ತದೆ. ಗಿಡ್ಡವಾದರೆ ಬಾಯಿ ಕಟ್ಟುತ್ತದೆ.

ಒಂದು ಕಿವಿ ಮುಚ್ಚಿದ ಕೋಳಿಮರಿಗಳ ಮಿದುಳಿನಲ್ಲಿ ಆ ಬದಿಯ ಹೊಸ್ತಿಲುಗಳು ಗಿಡ್ಡವಾಗುತ್ತವೆ ಎಂಬುದು ಪ್ರೊಫೆಸರರ ಸಿದ್ಧಾಂತ. ‘ಸದ್ದು ತಪ್ಪಿದ ಕೋಶ ಕೈಚೆಲ್ಲುತ್ತದೆ’ ಎಂಬ ವಾಕ್ಯವನ್ನು ಅವರು ಸಭೆಯಿಂದ ಸಭೆಗೆ ಹೊತ್ತು ಮೆರೆಸುತ್ತಿದ್ದರು. ಈಗ ಅದು ಪ್ರಬಂಧವಾಗಿ ಅಚ್ಚಿಗೆ ಹೊರಟಿತ್ತು. ಗೆರೆಗಳೆಲ್ಲ ಅವಳವು, ಆದ್ದರಿಂದ ಹೆಸರುಗಳ ಸಾಲಿನಲ್ಲಿ ಮೊದಲು ನಿಂತಿದ್ದವಳೂ ಅವಳೇ.

ಸಂಶಯ ಹುಟ್ಟಿದ್ದು ಮನೆಯಲ್ಲಿ, ಊಟದ ಮೇಜಿನ ಮುಂದೆ. ವರ್ಷಗಟ್ಟಲೆ ಕಿವಿ ಮಂದವಾಗಿದ್ದ ಅತ್ತೆಗೆ ಗೆರೆಯಮ್ಮನ ಗಂಡ ಹಟ ಹಿಡಿದು ಶ್ರವಣಯಂತ್ರ ಹಾಕಿಸಿಕೊಂಡು ಬಂದಿದ್ದ. ಮೊದಲ ತುತ್ತಿಗೇ ಮುದುಕಿ ಅದನ್ನು ಕಿತ್ತು ತಟ್ಟೆಯ ಪಕ್ಕಕ್ಕೆ ಎಸೆದಳು.

“ಅಯ್ಯಯ್ಯಪ್ಪ! ಚಮಚ ಇಟ್ರೆ ತಲೆ ಮೇಲೆ ಹಾರೆ ಬಿದ್ದ ಹಾಗಾಗುತ್ತಲ್ಲೋ!”

“ಅಮ್ಮ, ಆಗಲೇ ಸದ್ದು ಕಮ್ಮಿ ಮಾಡಿದೀನಿ.”

“ನೀನು ಕಮ್ಮಿ ಮಾಡಿದೀಯ, ಅದು ಆಗಿಲ್ಲ. ಇಷ್ಟು ವರ್ಷ ನಿನ್ನ ಮಾತು ಕೇಳಿಸದೆ ಎಷ್ಟು ಸುಖವಾಗಿದ್ದೆ! ನೀನಾದ್ರೂ ಹೇಳೇ, ನಿನ್ನ ಗಂಡ ಯಾವಾಗಲೂ ಹೀಗೇ ಕಿರುಚ್ತಾನಾ?”

“ನನಗೆ ಅಭ್ಯಾಸ ಆಗಿದೆ ಬಿಡಿ ಅತ್ತೆ,” ಎಂದು ನಕ್ಕ ಗೆರೆಯಮ್ಮನಿಗೆ ಥಟ್ಟನೆ ಒಂದು ಪ್ರಶ್ನೆ ಹೊಳೆಯಿತು. ಬಹುಕಾಲ ಸದ್ದು ಕಾಣದ ಕೋಶ ಕೈಚೆಲ್ಲಿದ್ದೇ ನಿಜವಾದರೆ, ಈ ಚಮಚ ಇವರಿಗೆ ಮೆತ್ತಗೆ ಕೇಳಬೇಕಿತ್ತಲ್ಲ? ಅತ್ತೆಯ ಒಂದು ಗೊಣಗಾಟ ಪುರಾವೆಯಲ್ಲ ಎಂಬುದು ಅವಳಿಗೆ ತಿಳಿಯದ ವಿಷಯವೇನಲ್ಲ. ಆದರೂ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಮರುದಿನ ಅವಳು ಹಳೆಯ ಚಿತ್ರಗಳನ್ನು ಪದರ ಪದರವಾಗಿ ಬಿಡಿಸಿ ನೋಡಿದಳು. ಲ್ಯಾಬಿನ ರೂಢಿಯಂತೆ ಎಲ್ಲ ಪದರಗಳನ್ನೂ ಒಂದರ ಮೇಲೊಂದು ಒತ್ತಿ ಚಪ್ಪಟೆ ಮಾಡಿ, ಆಮೇಲೆ ಗೆರೆ ಎಳೆಯಲಾಗುತ್ತಿತ್ತು. ಬಿಡಿಸಿದಾಗ ಕಂಡದ್ದು ಬೇರೆ. ಬಲಬದಿಯ ಹೊಸ್ತಿಲುಗಳು ಹಾಸಿಗೆಯ ಮೇಲೆ ಮಲಗಿದಂತೆ ಚಾಚಿಕೊಂಡಿದ್ದರೆ, ಕಿವಿ ಮುಚ್ಚಿದ ಎಡಬದಿಯವು ಓರೆಯಾಗಿ ಆಳಕ್ಕೆ ಇಳಿದಿದ್ದವು. ಓರೆ ನಿಂತ ಕೋಲು ನೆತ್ತಿಯ ಮೇಲಿನಿಂದ ನೋಡಿದವನಿಗೆ ಗಿಡ್ಡವೇ.

ಮಿದುಳನ್ನು ಕೊಯ್ದು ಬಣ್ಣ ಹಾಕುವವನನ್ನು ಎಲ್ಲರೂ ಬಣ್ಣದಣ್ಣ ಅನ್ನುತ್ತಿದ್ದರು. ಅವಳು ನೇರವಾಗಿ ಅವನ ಕೋಣೆಗೆ ಹೋದಳು.

“ಅಣ್ಣ, ಮಿದುಳನ್ನ ಈ ತಟ್ಟೆಗೆ ಯಾವ ಕಡೆ ಮುಖ ಮಾಡಿ ಅಂಟಿಸ್ತೀಯ?”

“ಎಡಭಾಗ ಕಿಟಕಿ ಕಡೆಗೆ. ಯಾವಾಗಲೂ. ಎಡ ಬಲ ಅದಲು ಬದಲಾಗಬಾರದು ಅಂತ ನಾನೇ ಮಾಡಿಕೊಂಡ ಪದ್ಧತಿ.” ಅವನ ದನಿಯಲ್ಲಿ ಹೆಮ್ಮೆಯಿತ್ತು.

“ಮುಚ್ಚೋದು ಯಾವಾಗಲೂ ಎಡಗಿವಿನೇನಾ?”

“ಸಾಹೇಬರು ಎಡದಿಂದ ಶುರು ಮಾಡಿದ್ರು, ಹಾಗೇ ನಡ್ಕೊಂಡು ಬಂತು. ಯಾಕೆ ಗೆರೆಯಮ್ಮೋರೆ, ಬಲಗಿವಿ ಏನಾದ್ರೂ ಅರ್ಜಿ ಹಾಕ್ಕೊಂಡಿದೆಯಾ?”

ಅವಳು ನಗಲಿಲ್ಲ. ಕೊಯ್ಯುವ ಯಂತ್ರದ ತಟ್ಟೆಯ ಮೇಲೆ ಮಟ್ಟ ನೋಡುವ ಕೊಳವೆಯನ್ನಿಟ್ಟಳು. ಗಾಳಿಗುಳ್ಳೆ ಮೆಲ್ಲಗೆ ಗೋಡೆಯ ಕಡೆಗೆ ಜಾರಿತು. ತಟ್ಟೆ ಕಿಟಕಿಯ ಕಡೆಗೆ ತಗ್ಗಿತ್ತು. ಮಿದುಳಿನ ಎರಡು ಬದಿಗಳು ಕನ್ನಡಿಬಿಂಬದಂತೆ ಎದುರುಬದುರಾಗಿರುವುದರಿಂದ, ಒಂದೇ ತಗ್ಗು ಒಂದು ಬದಿಯ ಹೊಸ್ತಿಲುಗಳನ್ನು ಮಲಗಿಸಿದರೆ ಇನ್ನೊಂದು ಬದಿಯವನ್ನು ಓರೆ ಮಾಡುತ್ತದೆ. ಬಣ್ಣದಣ್ಣನ ಮುಖದ ಬಣ್ಣ ಇಳಿಯಿತು. ಬದಿ ತಪ್ಪಬಾರದೆಂದು ಅಷ್ಟು ನಿಷ್ಠೆಯಿಂದ ಪಾಲಿಸಿದ ಪದ್ಧತಿಯೇ ಪ್ರತಿಯೊಂದು ಮಿದುಳಿನ ಎಡಬದಿಯನ್ನೂ ಒಂದೇ ಓರೆಯಲ್ಲಿ ಅಲಗಿಗೆ ಒಡ್ಡಿತ್ತು. ಗಿಡ್ಡವಾದದ್ದು ಕಿವಿ ಮುಚ್ಚಿದ್ದಕ್ಕೋ, ತಟ್ಟೆ ವಾಲಿದ್ದಕ್ಕೋ ಯಾರೂ ಹೇಳುವಂತಿರಲಿಲ್ಲ.

ಪರೀಕ್ಷೆಯ ದಾರಿ ಒಂದೇ. ಶೀತಲ ಪೆಟ್ಟಿಗೆಯಲ್ಲಿ ಉಳಿದಿದ್ದ ಕೆಲವು ಮಿದುಳುಗಳಲ್ಲಿ ಅರ್ಧದಷ್ಟನ್ನು ತಿರುಗಿಸಿ, ಎಡಭಾಗ ಗೋಡೆಯ ಕಡೆಗಿರುವಂತೆ ಅಂಟಿಸಿ ಕೊಯ್ಯುವುದು. ಅವು ಮುಗಿದರೆ ಮತ್ತಿಲ್ಲ. ಪ್ರಬಂಧದ ಕೊನೆಯ ಚಿತ್ರಕ್ಕೆಂದು ಪ್ರೊಫೆಸರರು ಅವನ್ನು ಮುಡಿಪಾಗಿಟ್ಟಿದ್ದರು.

ಅವಳು ಹೋಗಿ ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

“ನೋಡಮ್ಮ, ಮನೆ ಕಟ್ಟಿ ಮುಗಿಸಿದ ಮೇಲೆ ಬುನಾದಿ ಅಗೀತೀನಿ ಅಂತೀರಲ್ಲ.”

“ಬುನಾದಿ ವಾಲಿದೆ ಸರ್. ಮಟ್ಟ ಇಟ್ಟು ನೋಡ್ದೆ.”

“ಒಂದು ಕೂದಲೆಳೆಯಷ್ಟು ವಾಲಿರಬಹುದು.”

“ನಾವು ಅಳೀತಿರೋದು ಕೂದಲೆಳೆಗಿಂತ ಚಿಕ್ಕದನ್ನ.”

“ಅವನ್ನ ಮುಟ್ಟಬೇಡಿ. ಇದು ಕೊನೆ ಮಾತು.”

“ಹಾಗಾದ್ರೆ ಕೇಳಿದ್ದು ನನ್ನ ತಪ್ಪು,” ಎಂದು ಅವಳು ಎದ್ದು ಬಂದಳು. ಬಂದವಳು ತನ್ನ ಮೇಜಿಗೆ ಹೋಗಲಿಲ್ಲ. ಶೀತಲ ಪೆಟ್ಟಿಗೆಯ ಬಾಗಿಲು ತೆರೆದಳು.

ಬಣ್ಣದಣ್ಣ ಒಂದು ಗಳಿಗೆ ತಲೆಯ ಮೇಲೆ ಕೈ ಹೊತ್ತು ನಿಂತ. ಆಮೇಲೆ ಕೈಗವಸು ತೊಟ್ಟ. “ನನ್ನ ಪದ್ಧತಿ ನಾನೇ ಮುರೀತೀನಿ, ಬೇರೆಯವರು ಮುರಿಯೋದು ಬೇಡ,” ಎಂದು ಗೊಣಗುತ್ತ ಮಿದುಳಿನ ಎಡಭಾಗ ಗೋಡೆಯ ಕಡೆಗಿರುವಂತೆ ಕೂರಿಸಿದ. ಅವಳು ಕೊಯ್ಯುವ ಯಂತ್ರದ ಚಕ್ರ ತಿರುಗಿಸಿದಳು. ಅಲಗು ಹಿಮದ ಹಾಳೆಯಂಥ ಪದರಗಳನ್ನು ಒಂದೊಂದಾಗಿ ಬಿಡಿಸತೊಡಗಿತು.

ಬಾಗಿಲಿನಲ್ಲಿ ಪ್ರೊಫೆಸರರು ಬಂದು ನಿಂತದ್ದು ಅವಳಿಗೆ ಗೊತ್ತಾಯಿತು.

“ನಿಲ್ಲಿಸಿ.”

ಚಕ್ರ ತಿರುಗುತ್ತಲೇ ಇತ್ತು.

“ನಾನು ನಿಲ್ಲಿಸಿ ಅಂದೆ!”

“ನಡುವೆ ನಿಲ್ಲಿಸಿದ್ರೆ ಮಿದುಳು ಹಾಳಾಗುತ್ತೆ ಸರ್. ಹಾಳು ಮಾಡೋದಾದ್ರೆ ಬಂದು ನೀವೇ ನಿಲ್ಲಿಸಿ.”

ಅವರು ಒಳಗೆ ಕಾಲಿಡಲಿಲ್ಲ. ಆ ಮಿದುಳುಗಳ ಬೆಲೆ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಬಣ್ಣ ಹಿಡಿದ ಮೇಲೆ ಬಣ್ಣದಣ್ಣ ಗಾಜಿನ ಫಲಕಗಳ ಗುರುತುಗಳನ್ನೆಲ್ಲ ಕಪ್ಪು ಪಟ್ಟಿಯಿಂದ ಮುಚ್ಚಿ, ಇಸ್ಪೀಟೆಲೆಯಂತೆ ಕಲೆಸಿ ಕೊಟ್ಟ. ಯಾವುದು ತಿರುಗಿಸಿ ಕೊಯ್ದದ್ದು, ಯಾವುದು ಮುಚ್ಚಿದ ಬದಿ, ಒಂದೂ ತಿಳಿಯದಂತೆ ಅವಳು ಅಳೆಯಬೇಕು. ಪ್ರತಿಯೊಂದು ಹೊಸ್ತಿಲನ್ನೂ ಎರಡು ಬಗೆಯಲ್ಲಿ ಅಳೆದಳು: ರೂಢಿಯಂತೆ ಚಪ್ಪಟೆಯಾಗಿ ಒಮ್ಮೆ, ಪದರಗಳ ಆಳದಲ್ಲಿ ಅದನ್ನು ಹಿಂಬಾಲಿಸಿಕೊಂಡು ಇನ್ನೊಮ್ಮೆ. ಕಣ್ಣು ಉರಿದವು, ಕತ್ತು ಹಿಡಿದುಕೊಂಡಿತು. ಗೆರೆ ಮಾತ್ರ ನಡುಗಲಿಲ್ಲ.

ವಾರದ ಸಭೆಗೆ ಎಲ್ಲರೂ ಕೂಡಿದ್ದಾಗ, ಪ್ರೊಫೆಸರರ ಕಣ್ಣೆದುರಿಗೇ ಬಣ್ಣದಣ್ಣ ಪಟ್ಟಿಗಳನ್ನು ಕಿತ್ತ. ಅಂಕಿಗಳು ಗೋಡೆಯ ಪರದೆಯ ಮೇಲೆ ಮೂಡಿದವು. ಚಪ್ಪಟೆ ಅಳತೆಯಲ್ಲಿ, ಕಿಟಕಿಯ ಕಡೆಗಿದ್ದ ಬದಿ ಯಾವುದೋ ಅದೇ ಗಿಡ್ಡ. ಮಿದುಳು ತಿರುಗಿದರೆ ಗಿಡ್ಡತನವೂ ತಿರುಗುತ್ತಿತ್ತು. ಆಳದ ಅಳತೆಯಲ್ಲಿ ಮಾತ್ರ ಹೇಗೆ ತಿರುಗಿಸಿದರೂ ಒಂದೇ ಉತ್ತರ: ಕಿವಿ ಮುಚ್ಚಿದ ಬದಿಯ ಹೊಸ್ತಿಲುಗಳು ಇನ್ನೊಂದು ಬದಿಯವಕ್ಕಿಂತ ಉದ್ದವಾಗಿದ್ದವು. ಸದ್ದು ತಪ್ಪಿದ ಕೋಶ ಕೈಚೆಲ್ಲಿರಲಿಲ್ಲ. ಕ್ಷೀಣವಾದ ಕರೆಗೂ ಓಗೊಡಲು ಮೈ ಚಾಚಿಕೊಂಡು ಕಾದಿತ್ತು.

ಮೊದಲು ಮಾತಾಡಿದವರು ಪ್ರೊಫೆಸರರೇ.

“ಸ್ವಾರಸ್ಯವಾಗಿದೆ. ಮುಂದಿನ ಪ್ರಬಂಧಕ್ಕೆ ಇಟ್ಕೊಳ್ಳೋಣ. ಈ ಪ್ರಬಂಧ ಹೇಗಿದೆಯೋ ಹಾಗೇ ಹೋಗಲಿ.”

“ಇದು ಹೋದರೆ ಸುಳ್ಳು ಹೋಗುತ್ತೆ ಸರ್.”

“ಬರೆದಾಗ ಸುಳ್ಳಾಗಿರಲಿಲ್ಲ.”

“ಈಗ ಆಗಿದೆ.”

ಅವರು ಎದ್ದು, ಕರಡನ್ನು ಪರದೆಗೆ ತಂದು, ಆ ಪ್ರಸಿದ್ಧ ವಾಕ್ಯದ ಮೇಲೆ ಬೆರಳಿಟ್ಟರು. “ಈ ವಾಕ್ಯಕ್ಕಾಗಿ ನಾನು ತಲೆ ಹಣ್ಣು ಮಾಡಿಕೊಂಡಿದೀನಮ್ಮ.” ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಅವಳಿಗೂ ಒಂದು ಕ್ಷಣ ಮರುಕವೆನಿಸಿತು. ಮರುಕದಿಂದಲೇ ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡು ವಾಕ್ಯವನ್ನು ಅಳಿಸಿದಳು.

ಅವರು ಮತ್ತೆ ತಂದರು. ಅವಳು ಮತ್ತೆ ಅಳಿಸಿದಳು.

“ಇದು ನನ್ನ ಲ್ಯಾಬು!”

“ಹೌದು. ಗೆರೆ ನನ್ನದು. ವಾಕ್ಯ ಇರಬೇಕಾದ್ರೆ ಗೆರೆ ತೆಗೀರಿ, ನನ್ನ ಹೆಸರೂ ತೆಗೀರಿ. ಆಮೇಲೆ ಏನು ಉಳಿಯುತ್ತೋ ಕಳಿಸ್ಕೊಳ್ಳಿ. ಯಾಕೆ ತೆಗೆಸಿದೆ ಅಂತ ಕೇಳಿದವರಿಗೆಲ್ಲ ನಾನು ಹೇಳ್ತೀನಿ.”

“ನಾಳೆಯಿಂದ ನಿಮಗಿಲ್ಲಿ ಮೇಜು ಇರಲ್ಲ. ಯೋಚನೆ ಮಾಡಿ.”

“ಯೋಚನೆ ಮಾಡೇ ಚಕ್ರ ತಿರುಗಿಸಿದ್ದು ಸರ್.”

ಪ್ರೊಫೆಸರರು ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದರು. ವಾಕ್ಯವನ್ನು ಮೂರನೆಯ ಸಲ ತರಲಿಲ್ಲ.

“ಮೇಜು ಹೋಯ್ತಲ್ಲ ಗೆರೆಯಮ್ಮೋರೆ,” ಎಂದ ಬಣ್ಣದಣ್ಣ.

“ಇವತ್ತು ಸಂಜೆವರೆಗೂ ಇದೆಯಲ್ಲ,” ಎಂದು ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಖಾಲಿಯಾದ ಜಾಗದಲ್ಲಿ, ತಟ್ಟೆ ವಾಲಿದ್ದನ್ನೂ ಬಿಡದೆ, ಕಂಡದ್ದನ್ನು ಕಂಡಂತೆ ಬರೆದಳು. ಒಮ್ಮೆ ಗಟ್ಟಿಯಾಗಿ ಓದಿದಳು. ಪ್ರಬಂಧದಲ್ಲಿ ಹೆಸರಿದ್ದ ಪ್ರತಿಯೊಬ್ಬರಿಗೂ, ಪ್ರೊಫೆಸರರಿಗೆ ಎಲ್ಲರಿಗಿಂತ ಮೊದಲು, ಅದನ್ನು ಕಳುಹಿಸಿದಳು.