ಕಳಚಿ ತಂದ ಬೀಗ

ಬ್ಯಾಂಕಿನವರ ಫೋನ್ ಎತ್ತಬೇಡಿ ಎಂದು ಆಪದ್ಬಾಂಧವ ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಫೋನೇ ಹೊಡೆದುಕೊಂಡಿರಲಿಲ್ಲ. ನನ್ನದು, ನಮ್ಮವರದು, ಎರಡನ್ನೂ ಆಫ್ ಮಾಡಿ ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ತುರುಕಿದ್ದೆ. ಯಾರಾದರೂ ಕರೆಗಂಟೆ ಒತ್ತಿದರೆ ಉಸಿರು ಬಿಗಿಹಿಡಿದು ಕೂರುವುದು. ಪರದೆ ಸರಿಸುವ ಹಾಗಿಲ್ಲ, ದೀಪ ಹಾಕುವ ಹಾಗಿಲ್ಲ. ಸ್ವಂತ ಮನೆಯಲ್ಲಿ ಕಳ್ಳರ ಹಾಗೆ ಬದುಕುತ್ತಿದ್ದೆವು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಯಾರ ಮೇಲೆ ಹರಿಹಾಯುವುದು?

ನಮ್ಮವರದು ಬೀಗ ರಿಪೇರಿಯ ಕೆಲಸ. ಏಣಿಯಿಂದ ಬಿದ್ದು ಭುಜ ಮುರಿದುಕೊಂಡರು, ದುಡಿಮೆ ನಿಂತಿತು. ಮನೆ ಸಾಲದ ಕಂತು ತಪ್ಪಿತು, ಮತ್ತೆ ತಪ್ಪಿತು, ನೋಟಿಸು ಬಂತು. ನೋಟಿಸಿನ ಬೆನ್ನಿಗೇ ಈ ಆಪದ್ಬಾಂಧವ ಬಂದ. ಇಸ್ತ್ರಿ ಮುರಿಯದ ಷರ್ಟು, ಬೆಣ್ಣೆಯಂಥ ಮಾತು. ನಮ್ಮ ಸಾಲದ ವಿಷಯ ಇವನಿಗೆ ಯಾರು ಹೇಳಿದರು ಎಂದು ಕೇಳುವಷ್ಟು ಬುದ್ಧಿಯೂ ನನಗೆ ಆಗ ಓಡಲಿಲ್ಲ. "ಬ್ಯಾಂಕಿನವ್ರ ಹತ್ರ ಒಂದಕ್ಷರಾನೂ ಮಾತಾಡ್ಬೇಡಿ ಅಕ್ಕ, ಎಲ್ಲಾ ನನ್ನ ತಲೆ ಮೇಲೆ ಹಾಕಿ" ಎಂದ. ಆಪದ್ಬಾಂಧವ ಎಂದು ಹೆಸರಿಟ್ಟವಳು ನಾನೇ. ಭುಜ ಸರಿಹೋದ ಮೇಲೆ ನಮ್ಮವರಿಗೆ ಕೆಲಸವನ್ನೂ ಕೊಟ್ಟ. ತಾನು ಕೊಂಡ ಮನೆಗಳ ಬೀಗ ಬದಲಿಸುವ ಕೆಲಸ. ಮನೆಯ ಪತ್ರ ನೋಡದೆ ನಮ್ಮವರು ಯಾರ ಬಾಗಿಲನ್ನೂ ಮುಟ್ಟುವವರಲ್ಲ. ಪ್ರತಿ ಸಲವೂ ಪತ್ರ ಅವನ ಹೆಸರಿನಲ್ಲೇ ಇರುತ್ತಿತ್ತು.

ಆ ಮಧ್ಯಾಹ್ನ ಅವನು ನಮ್ಮ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದ.

"ಸುಮ್ನೆ ಹೆಸರಿಗೆ ಅಷ್ಟೇ ಅಕ್ಕ. ಮನೆ ನನ್ನ ಹೆಸರಿಗೆ ಬಂದ್ರೆ ಬ್ಯಾಂಕಿನವ್ರ ಆಟ ನಡಿಯಲ್ಲ. ನೀವು ಬಾಡಿಗೆ ಕೊಟ್ಕೊಂಡು ಇಲ್ಲೇ ಇರಿ. ಕೈಯಲ್ಲಿ ದುಡ್ಡು ಓಡಾಡಿದಾಗ ವಾಪಸ್ ಬರ್ಕೊಡ್ತೀನಿ."

"ಅವರು ಬರ್ಲಿ, ಕೇಳಿ ಹಾಕ್ತೀನಿ."

"ಅವರನ್ನ ನಾನೇ ಒಂದು ಕೆಲಸಕ್ಕೆ ಕಳ್ಸಿದೀನಿ, ಬರ್ತಾರೆ. ನಿಮ್ಮದು ಹಾಕಿಡಿ. ನಾಳೆ ಬ್ಯಾಂಕಿನವ್ರು ಬಂದು ಸಾಮಾನು ಬೀದಿಗೆ ಎಸೆದ್ರೆ ನನ್ನ ಕೇಳ್ಬೇಡಿ."

ನಮ್ಮವರಿಗೆ ಫೋನ್ ಮಾಡೋಣವೆಂದರೆ ಅವರ ಫೋನು ಬಟ್ಟೆಗಳ ಕೆಳಗಿತ್ತು. ಪಕ್ಕದ ಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು. ಹೋಗಿ ಕೇಳಲು ನಾಚಿಕೆ. ಸಾಲದ ಸುದ್ದಿ ಯಾರ ಕಿವಿಗೂ ಬೀಳಬಾರದೆಂದು ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದೆ. ಆ ಕಡೆ ಬ್ಯಾಂಕು, ಈ ಕಡೆ ಇವನು, ನಡುವೆ ನಾನೊಬ್ಬಳು. ಸಹಿ ಹಾಕಿಬಿಟ್ಟೆ. ಮನೆ ಇಬ್ಬರ ಹೆಸರಲ್ಲಿತ್ತು. ಇನ್ನು ನಮ್ಮವರ ಸಹಿಯೊಂದೇ ಬಾಕಿ.

ಅಷ್ಟರಲ್ಲಿ ಬಾಗಿಲಲ್ಲಿ ಕೀಲಿಕೈ ತಿರುಗಿತು. ನಮ್ಮವರು ನೇರ ಮೇಜಿಗೆ ಬಂದು, ಚೀಲದಿಂದ ಒಂದು ಹಳೆಯ ಬೀಗ ತೆಗೆದು ಕಾಗದದ ಮೇಲೆ ಧಡ್ ಎಂದು ಇಟ್ಟರು.

"ಇವತ್ತು ಕಳಚಿದ್ದು ಇದು. ತಿರುಗಿಸಿ ನೋಡಿದ್ರೆ ನಾನು ಕೆತ್ತೋ ಗುರುತು! ಹಿಂದೆ ನಾನೇ ಹಾಕ್ಕೊಟ್ಟಿದ್ದು. ಮನೆಯವ್ರು ಮಾರ್ಕೊಂಡು ಹೋಗಿರ್ಬೇಕು ಅಂದ್ಕೊಂಡು ಹೊಸಾದು ಕೂರಿಸಿ, ಕೀಲಿ ಇವರ ಹುಡುಗರಿಗೆ ಕೊಟ್ಟು ಕಳಿಸ್ದೆ. ಮೆಟ್ಟಿಲು ಇಳೀತಿದ್ರೆ, ಆ ಮನೆಯವ್ರೇ ತರಕಾರಿ ಹಿಡ್ಕೊಂಡು ಹತ್ತಿ ಬರ್ತಿದ್ರು."

ಅವರ ಹಿಂದೆ ಹೊಸ್ತಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈ ಬಿಗಿಮುಷ್ಟಿ.

"ಅವ್ರು ಬಾಡಿಗೆ ಕೊಟ್ಟಿರ್ಲಿಲ್ಲ" ಎಂದ ಆಪದ್ಬಾಂಧವ. "ಎಲ್ಲಾ ಕಾನೂನು ಪ್ರಕಾರಾನೇ ಆಗಿದೆ."

"ಸುಮ್ನೆ ಹೆಸರಿಗೆ ಅಷ್ಟೇ ಅಂದಿದ್ರಲ್ಲ" ಎಂದಳು ಆಕೆ.

ಈಗಷ್ಟೇ ನನಗೂ ಹೇಳಿದ್ದ ಅದೇ ಮಾತು. ನಮ್ಮವರು ಅವನ ಮುಖವನ್ನೇ ನೋಡುತ್ತಿದ್ದರು.

"ಒಂದು ಹೇಳಿ ಸ್ವಾಮಿ. ಈ ಮನೆ ಬೀಗ ಬದಲಾಯಿಸೋ ದಿನ ಯಾರನ್ನ ಕರೆಸ್ತಿದ್ರಿ? ನನ್ನನ್ನೇನಾ?"

ಅವನು ಕಾಗದಕ್ಕೆ ಕೈ ಹಾಕಿದ. ನಾನು ಕಿತ್ತುಕೊಂಡು, ಕುರ್ಚಿಯ ಮೇಲಿಟ್ಟು, ಅದರ ಮೇಲೇ ಕೂತೆ.

"ಏಳಮ್ಮ" ಎಂದ. ಅಕ್ಕ ಎನ್ನುವುದು ಆಗಲೇ ಮರೆತುಹೋಗಿತ್ತು.

"ನಿಮ್ಮಪ್ಪ ಬಂದ್ರೂ ಏಳಲ್ಲ!"

ನಮ್ಮವರು ಬಾಗಿಲನ್ನು ಅಗಲವಾಗಿ ತೆರೆದು ಹಿಡಿದರು. ಬ್ಯಾಂಕಿನವರು ಬಂದಾಗ ಗೊತ್ತಾಗುತ್ತದೆ ಎಂದು ಗೊಣಗುತ್ತ ಅವನು ಹೊರಟುಹೋದ. ನಾನು ಕಾಗದ ಹರಿಯಲು ಹೊರಟರೆ ನಮ್ಮವರು ಬಿಡಲಿಲ್ಲ. "ಇರ್ಲಿ ಕಣೇ, ಈ ಅಮ್ಮನ ಜೊತೆ ಪೊಲೀಸರ ಹತ್ರ ಹೋಗೋಣ. ಇನ್ನೂ ಎಷ್ಟು ಮನೆ ಬೀಗ ಕಳಚಿದೀನೋ, ಅದನ್ನೂ ಹೇಳ್ಬೇಕು" ಎಂದರು.

ಬಟ್ಟೆಗಳ ಕೆಳಗಿನ ಫೋನ್ ತೆಗೆದು ಆನ್ ಮಾಡಿದೆ. ಸ್ವಲ್ಪ ಹೊತ್ತಿಗೇ ಬ್ಯಾಂಕಿನ ಕರೆ ಬಂತು. ಎತ್ತಿದೆ.

"ಇಷ್ಟು ದಿನ ಯಾಕೆ ಎತ್ತಲಿಲ್ಲ ಮೇಡಂ?" ಆ ಕಡೆಯ ಹುಡುಗಿಗೆ ನಿಜಕ್ಕೂ ಬೇಸರವಾಗಿತ್ತು. "ಕಂತು ಕಡಿಮೆ ಮಾಡಿಸ್ಕೊಳ್ಳೋಕೆ ಅರ್ಜಿ ಹಾಕ್ಬಹುದಿತ್ತು. ಈಗಲೂ ಹಾಕ್ಬಹುದು, ಆಗೇ ಆಗುತ್ತೆ ಅಂತ ಹೇಳಕ್ಕಾಗಲ್ಲ. ನಾಳೆ ಇಬ್ರೂ ಬನ್ನಿ."

ಬರುತ್ತೇವೆ ಎಂದೆ. ಅಳು ಬಂತು, ನನ್ನ ಮೇಲೆ ನನಗೇ ಸಿಟ್ಟೂ ಬಂತು. ಆ ಹೆಂಗಸನ್ನು ಒಳಗೆ ಕರೆದು ಕುರ್ಚಿ ಕೊಟ್ಟೆ. ಆಕೆ ಮೇಜಿನ ಮೇಲಿದ್ದ ತನ್ನ ಬೀಗವನ್ನು ಮಡಿಲಿಗೆ ಎಳೆದುಕೊಂಡು, ಮುಷ್ಟಿ ಬಿಚ್ಚಿ, ಕೀಲಿಕೈ ತೂರಿಸಿ ತಿರುಗಿಸಿದಳು. ಬೀಗ ಸಲೀಸಾಗಿ ತೆರೆದುಕೊಂಡಿತು.