ಕಟ್ಟು ಹಾಕದೆ ಉಳಿದ ಒಂದು ಫೋಟೊ

ಅಡಿಲೇಡಿನ ಕಿಲ್ಬರ್ನ್‌ನಲ್ಲಿ, ಆರ್ಥರ್ ಡಿಸೋಜರ ಮನೆಯ ಹಿಂದಿನ ಶೆಡ್ಡಿನಲ್ಲಿ ಶನಿವಾರ ಬೆಳಿಗ್ಗೆಯಿಂದಲೇ ಗರಗಸದ ಸದ್ದು. ಮಗಳು ವೆನೆಸ್ಸಾ ಯುದ್ಧ ಕಂಡು ಬಂದವರ ಮುಖಗಳ ಫೋಟೊ ತೆಗೆದಿದ್ದಳು. ಮರುದಿನ ಚರ್ಚ್ ಹಾಲಿನಲ್ಲಿ ಪ್ರದರ್ಶನ. ಹನ್ನೆರಡು ಫೋಟೊಗಳಿಗೆ ಕಟ್ಟು ಹಾಕುವ ಕೆಲಸ ಅಪ್ಪನದು. ಹನ್ನೊಂದು ಮುಗಿದವು. ಕೊನೆಯದನ್ನು ಆರ್ಥರ್ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

"ಇದಕ್ಕೆ ನಾನು ಕಟ್ಟು ಹಾಕಲ್ಲ."

"ಯಾಕೆ ಪಪ್ಪಾ?"

"ಅವನು ಇರಾಕಿ. ತೊಂಬತ್ತರಲ್ಲಿ ಕುವೈತಿಗೆ ನುಗ್ಗಿದ ಸೈನ್ಯದವನು. ನಾನು ಅಲ್ಲೇ ಇದ್ದೆ, ನಿಂಗೆ ಗೊತ್ತಲ್ಲ. ಅವ್ರೆಲ್ಲ ಒಂದೇ ತರ."

"ಕರೀಮ್‌ಗೆ ಆಗ ಹದಿನೆಂಟು ವರ್ಷ. ಎಳ್ಕೊಂಡು ಹೋಗಿ ಕೈಗೆ ಗನ್ ಕೊಟ್ರು. ಆ ಮುಖ ಒಂದ್ಸಲ ನೋಡಿ, ಪ್ಲೀಸ್."

"ನೋಡ್ದೆ. ಅದಕ್ಕೇ ತಿರುಗಿಸಿಟ್ಟಿದ್ದು."

ಇರಾಕಿನವರ ಅಂಗಡಿಯ ರೊಟ್ಟಿಯನ್ನೂ ಆರ್ಥರ್ ಮನೆಯೊಳಗೆ ಬಿಟ್ಟುಕೊಂಡವರಲ್ಲ. ಗಲ್ಫಿನ ಹಳೆಯ ಗಾಯ ಎಂದುಕೊಂಡು ಹೆಂಡತಿ ರೋಸ್ಲಿನ್ ಸುಮ್ಮನಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ಗಾದೆ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಮಗಳು ಸಿಟ್ಟಿನಿಂದ ಒಳಗೆ ಹೋದಳು. ಆರ್ಥರ್ ಅಲ್ಲೇ ಕುಳಿತರು. ತಿರುಗಿಸಿಟ್ಟರೂ ಆ ಕಣ್ಣುಗಳು ಅವರ ಬೆನ್ನು ಬಿಡಲಿಲ್ಲ. ಅವುಗಳಲ್ಲಿ ಕ್ರೌರ್ಯ ಕಂಡಿದ್ದರೆ ಅವರಿಗೆ ನೆಮ್ಮದಿಯಾಗುತ್ತಿತ್ತು. ಕಂಡದ್ದು ಭಯ, ಮೂವತ್ತೈದು ವರ್ಷಗಳಿಂದ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಅವರು ನೋಡುತ್ತಿದ್ದ ಅದೇ ಭಯ.

ರೋಸ್ಲಿನ್ ಚಾ ತಂದಾಗ ಅವರು ಬಾಯಿಬಿಟ್ಟರು.

"ರೋಸಿ, ಕುವೈತಲ್ಲಿ ನಮ್ಮ ಬಿಲ್ಡಿಂಗಿಗೆ ಸೈನಿಕರು ಬಂದಿದ್ರು. ಮಾಲೀಕರ ಮಗ ಎಲ್ಲಿ ಅಂತ ಕೇಳಿದ್ರು. ನನ್ನ ಯಾರೂ ಹೊಡೀಲೂ ಇಲ್ಲ. ಹೆದರಿ ಮೇಲಿನ ಮಹಡಿ ಕಡೆ ಬೆರಳು ತೋರಿಸ್ಬಿಟ್ಟೆ. ಆ ಹುಡುಗ ವಾಪಸ್ ಬರ್ಲೇ ಇಲ್ಲ."

ಬಾಗಿಲಲ್ಲಿ ವೆನೆಸ್ಸಾ ಇದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಂದೂ ಒಂದು ತೆಗಿ ಮಗಾ," ಎಂದರು ಆರ್ಥರ್. "ಅವನ ಪಕ್ಕಕ್ಕೆ ಹಾಕು."

ಹನ್ನೆರಡು ಜನರನ್ನು ಅಳುಕದೆ ಲೆನ್ಸಿನಲ್ಲಿ ನೋಡಿದವಳಿಗೆ ಅಪ್ಪನನ್ನು ನೋಡಲಾಗಲಿಲ್ಲ. ಎರಡು ಸಲ ಕ್ಯಾಮೆರಾ ಎತ್ತಿ ಇಳಿಸಿದಳು. ಅವಳಿಗೆ ಅಪ್ಪನ ಮೇಲೆ ಅಸಹ್ಯ ಹುಟ್ಟಿತ್ತು, ಅದರ ಬೆನ್ನಿಗೇ ಅಯ್ಯೋ ಎಂದೂ ಅನಿಸುತ್ತಿತ್ತು. ಮೂರನೆಯ ಸಲ ಕ್ಲಿಕ್ಕಿಸಿದಳು. ಸಂಜೆಯೊಳಗೆ ಎರಡು ಫೋಟೊಗಳಿಗೂ ಕಟ್ಟು ಬಿತ್ತು.

ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದ ಜನ ಹಾಲಿನಲ್ಲಿ ಹದಿಮೂರು ಮುಖಗಳನ್ನು ನೋಡಿದರು. ಆರ್ಥರರ ಚಿತ್ರದ ಕೆಳಗೆ, ತಾನು ಮಾಡಿದ್ದೇನೆಂದು ಅವರೇ ಇಂಗ್ಲಿಷಿನಲ್ಲಿ ಬರೆದಿದ್ದರು. ಪರಿಚಯದ ಕೆಲವರು ಓದಿ, ಮಾತಾಡಿಸದೆ ಮುಂದೆ ಹೋದರು. ಕರೀಮ್ ಮಾತ್ರ ಎರಡು ಸಲ ಓದಿ, ಅವರ ಬಳಿಗೇ ಬಂದರು.

"ಆ ಹುಡುಗನ ಹೆಸರೇನು?"

"ಯೂಸುಫ್." ಆ ದಿನದ ನಂತರ ಆರ್ಥರ್ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಕರೀಮ್ ತಲೆ ತಗ್ಗಿಸಿದರು. "ನಿಮಗೆ ಹೆಸರಾದರೂ ಗೊತ್ತು. ನಾನು ಕರೆದುಕೊಂಡು ಹೋದವರ ಹೆಸರನ್ನು ನಾನು ಕೇಳಲೇ ಇಲ್ಲ."

ಆರ್ಥರ್ ಎರಡು ಕುರ್ಚಿ ಎಳೆದರು. ಇಬ್ಬರೂ ಕುಳಿತರು.