ಎರಡನೆಯ ಸಲದ ಸಿಪಾಯಿ

ಅಂಬಾರಾಯ ತೋಪಖಾನೆಯಲ್ಲಿ ಹವಾಲ್ದಾರನಾಗಿದ್ದವನು. ತೋಪಿನ ಹಿಂದೆ ನಿಂತು ಅವನು ಕೂಗು ಕೊಟ್ಟರೆ ಇಡೀ ತಂಡ ಓಡಿಬರುತ್ತಿತ್ತು. ಪಿಂಚಣಿಯಾದ ಮೇಲೆ ಪುಣೆಯ ಧನಕವಡಿಯಲ್ಲಿ ಮನೆ ಮಾಡಿ ಕೆಲವು ವರ್ಷ ಸುಮ್ಮನೆ ಕೂತ. ಕೂತಷ್ಟೂ ಮನಸ್ಸು ಭಾರವಾಯಿತು. ಕೊನೆಗೆ ಡಿಎಸ್‌ಸಿಗೆ ಅರ್ಜಿ ಹಾಕಿದ. ನಿವೃತ್ತ ಸೈನಿಕರನ್ನು ಮರಳಿ ಸೇರಿಸಿಕೊಂಡು ಸೈನ್ಯದ ಉಗ್ರಾಣ, ಕಾರ್ಖಾನೆಗಳ ಕಾವಲಿಗೆ ಹಾಕುವ ದಳ ಅದು. ಅಲ್ಲಿ ಹಳೆಯ ಕಸುಬು ನಡೆಯುವುದಿಲ್ಲ. ತೋಪು ಹೊಡೆದವನೂ ಟ್ಯಾಂಕ್ ಓಡಿಸಿದವನೂ ಮತ್ತೆ ಮೊದಲಿನಿಂದ ಸಿಪಾಯಿ. ಅಂಬಾರಾಯ ತೋಳಿನ ಪಟ್ಟಿಗಳನ್ನು ಬಿಚ್ಚಿಟ್ಟು, ಊರಾಚೆಯ ಒಂದು ಉಗ್ರಾಣದ ಗೇಟಿಗೆ ನಿಂತ.

ಮನೆಯಲ್ಲಿ ಇದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ. “ಹುಡುಗೂರಿಗೆ ತೋಪು ಹೊಡಿಯೂದು ಕಲಿಸೂ ಕೆಲಸ,” ಎಂದುಬಿಟ್ಟ. ಹೆಂಡತಿ ಚಂದಮ್ಮ ಹಿಗ್ಗಿದಳು. ಸಮವಸ್ತ್ರ ಅವಳ ಕಣ್ಣಿಗೆ ಬೀಳಬಾರದೆಂದು ಅವನು ಅದನ್ನು ಉಗ್ರಾಣದಲ್ಲೇ ಬಿಟ್ಟು, ಸಾದಾ ಅಂಗಿಯಲ್ಲಿ ಹೋಗಿಬರುತ್ತಿದ್ದ.

ಒಂದು ಬೆಳಗ್ಗೆ ಗೇಟಿನಲ್ಲಿ ಸೈನ್ಯದ ಲಾರಿ ನಿಂತಿತು. ಮುಂದಿನ ಸೀಟಿನಿಂದ ಇಳಿದವನ ಭುಜದ ಮೇಲೆ ಹವಾಲ್ದಾರನಿಗಿಂತ ಮೇಲಿನ ನಾಯಬ್ ಸುಬೇದಾರನ ನಕ್ಷತ್ರವಿತ್ತು. ಮುಖ ನೋಡಿದ್ದೇ ತಡ, ಅಂಬಾರಾಯನಿಗೆ ಗುರುತು ಸಿಕ್ಕಿತು. ಅವನು ತಾಯಪ್ಪ, ಆಳಂದದ ಕಡೆಯವನು. ಹೊಸದಾಗಿ ಸೈನ್ಯ ಸೇರಿದಾಗ ಅಂಬಾರಾಯನ ಕೈಕೆಳಗೇ ಬಂದಿದ್ದ. ತೋಪಿಗೆ ಗುಂಡು ತುಂಬುವುದನ್ನು ಅವನಿಗೆ ಕಲಿಸಿದ್ದು, ತಪ್ಪಿದಾಗ ಎಲ್ಲರೆದುರು ಬೈದಿದ್ದು, ಸಂಜೆ ಮನೆಗೆ ಕರೆದು ಚಂದಮ್ಮನ ಕೈಯ ರೊಟ್ಟಿ ಉಣ್ಣಿಸಿದ್ದು ಎಲ್ಲ ಅಂಬಾರಾಯನೇ.

ಅಂಬಾರಾಯ ಸೆಲ್ಯೂಟ್ ಹೊಡೆದ. ಕಣ್ಣೆತ್ತಲಿಲ್ಲ.

“ಅಂಬಾರಾಯ ಉಸ್ತಾದ್ ಅಲ್ಲೇನ್ರಿ ನೀವು?” ತಾಯಪ್ಪ ಬಗ್ಗಿ ನೋಡಿದ. “ನಾ ತಾಯಪ್ಪ.”

ಅಂಬಾರಾಯ ಹಿಂದಿಯಲ್ಲಿ ಉತ್ತರಿಸಿದ. ತಾನು ಅವನಲ್ಲ, ಸಾಹೇಬರು ಬೇರೆ ಯಾರನ್ನೋ ನೆನೆಸಿಕೊಂಡಿದ್ದಾರೆ ಎಂದ.

ಎದೆಯ ಮೇಲೆ ಹೆಸರಿನ ಪಟ್ಟಿ ಇರುವುದು ಆಮೇಲೆ ನೆನಪಾಯಿತು. ತಾಯಪ್ಪನ ಕಣ್ಣು ಒಂದು ಗಳಿಗೆ ಅದರ ಮೇಲೆ ನಿಂತಿತು. ಅವನು ಲಾರಿ ಹತ್ತಿ ಒಳಗೆ ಹೋದ. ಲಾರಿ ಮರಳುವ ಹೊತ್ತಿಗೆ ಅಂಬಾರಾಯ ಜೊತೆಯವನನ್ನು ಗೇಟಿಗೆ ನಿಲ್ಲಿಸಿ ನೀರಿನ ಟಾಕಿಯ ಹಿಂದೆ ಹೋಗಿ ನಿಂತಿದ್ದ. ಎಂದೂ ಗುಂಡಿಗೆ ಹೆದರಿ ಅಡಗದವನಿಗೆ ಮೈಯೆಲ್ಲ ಕುಗ್ಗಿದಂತಾಯಿತು.

ಸಂಜೆ ಮನೆಗೆ ಬಂದರೆ ತಾಯಪ್ಪ ಒಳಗೆ ಕೂತು ಚಹಾ ಕುಡಿಯುತ್ತಿದ್ದ. ಪುಣೆಗೆ ಬರುವ ಮೊದಲೇ ಊರವರ ಹತ್ತಿರ ವಿಳಾಸ ಕೇಳಿಕೊಂಡಿದ್ದನಂತೆ.

“ನೋಡ್ರಿ, ಯಾರ್ ಬಂದಾರ,” ಎಂದಳು ಚಂದಮ್ಮ. “ನೀವು ಇಲ್ಲೂ ಹುಡುಗೂರಿಗೆ ತೋಪು ಕಲಿಸ್ತೀರಿ ಅಂತ ಹೇಳ್ಲಾಕತ್ತಿದ್ದೆ.”

ತಾಯಪ್ಪ ಅಂಬಾರಾಯನತ್ತ ನೋಡದೆ ಬಶಿಗೆ ಚಹಾ ಸುರುವಿಕೊಂಡ. “ಹೌದ್ರಿ ವೈನಿ. ಉಸ್ತಾದ್ ಕಲಿಸಿದ್ದು ಯಾರೂ ಮರಿಯಂಗಿಲ್ಲ.”

ಅವನು ಬೈದಿದ್ದರೆ ಅಂಬಾರಾಯ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗಲಿಲ್ಲ.

“ನಾ ಏನೂ ಕಲಿಸಂಗಿಲ್ಲ,” ಎಂದ ನಿಂತಲ್ಲೇ. “ಗೇಟಿಗೆ ನಿಂದರ್ತೀನಿ. ಸಿಪಾಯಿ. ಮುಂಜಾನಿ ಇಂವ ಗುರ್ತು ಹಿಡದು ಮಾತಾಡ್ಸಿದ. ನಾ ಅಂವ ಅಲ್ಲ ಅಂತ ಹೇಳ್ದೆ.”

ಚಂದಮ್ಮ ಕೈಲಿದ್ದ ಚಹಾದ ಪಾತ್ರೆ ಕೆಳಗಿಟ್ಟಳು.

“ಗೇಟಿನ ಮಾತು ಆಮ್ಯಾಲ ನೋಡೋಣು,” ಎಂದಳು. “ನಮ್ಮ ಮನ್ಯಾಗ ಉಂಡಂವಗ, ನಾ ಅಂವ ಅಲ್ಲ ಅಂದ್ರ್ಯಾ?”

ಅವಳು ಇಬ್ಬರಿಗೂ ಬಡಿಸಿದಳು, ತಾಯಪ್ಪನಿಗೆ ಒತ್ತಾಯ ಮಾಡಿ ಇನ್ನೊಂದು ರೊಟ್ಟಿ ಹಾಕಿದಳು. ಗಂಡನ ಮುಖ ನೋಡಲಿಲ್ಲ.

ಊಟವಾದ ಮೇಲೆ ಅಂಬಾರಾಯ ತಾಯಪ್ಪನನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೊರಟ. ಅರ್ಧ ದಾರಿಯಲ್ಲಿ, “ಮುಂಜಾನಿ ನಾ ಮಾಡಿದ್ದು...” ಎಂದು ಶುರು ಮಾಡಿದ.

“ಬಿಡ್ರಿ ಉಸ್ತಾದ್. ನೀವು ನನಗ ಸೆಲ್ಯೂಟ್ ಹೊಡದ್ರಲ್ಲ, ಆವಾಗ ಎಲ್ಲಿ ಅಡಗ್ಲಿ ಅಂತ ನನಗೂ ಅನಿಸ್ತು.” ಒಂದಿಷ್ಟು ದೂರ ನಡೆದ ಮೇಲೆ ತಾಯಪ್ಪ ಮತ್ತೆ ಹೇಳಿದ: “ನನ್ನ ತಮ್ಮನೂ ಪಿಂಚಣಿ ಆದಮ್ಯಾಲ ಇದಕ್ಕೇ ಅರ್ಜಿ ಹಾಕ್ಯಾನ್ರಿ. ಹ್ಯಾಂಗಿರ್ತದ ಈ ಕೆಲಸ?”

ಈ ಕೆಲಸದ ಬಗ್ಗೆ ಅಂಬಾರಾಯ ಯಾರೊಂದಿಗೂ ಮಾತಾಡಿರಲಿಲ್ಲ. “ಕಾಲು ನೋಯ್ತಾವ,” ಎಂದ. “ಮಳಿಗಾಲದಾಗ ಬೂಟು ಒಣಗಂಗಿಲ್ಲ. ಬರಿ ತೋಳು ನೋಡ್ಕೊಂಡಾಗ ಭಾಳ ಕೆಟ್ಟ ಅನಿಸ್ತದ. ಕೆಲಸ ಏನ್ ಹಗುರಿಲ್ಲಪ. ಮನ್ಯಾಗ ಖರೇ ಹೇಳಿ ಸೇರು ಅಂತ ಹೇಳು ಅವಂಗ.”

ಬಸ್ಸು ಬಂತು. ತಾಯಪ್ಪ ಅಷ್ಟು ಜನರ ನಡುವೆ ಬಗ್ಗಿ ಅವನ ಕಾಲು ಮುಟ್ಟಿದ. ಅಂಬಾರಾಯನಿಗೆ ಅವನ ಬೆನ್ನ ಮೇಲೆ ಕೈಯಿಡುವ ಧೈರ್ಯವಾಗಲಿಲ್ಲ.

ಮನೆಯಲ್ಲಿ ಚಂದಮ್ಮ ಇನ್ನೂ ಉಂಡಿರಲಿಲ್ಲ. ಅಂಬಾರಾಯ ಗಂಗಾಳ ತಂದು ತಾನೇ ಬಡಿಸಿ ಅವಳ ಮುಂದಿಟ್ಟ. ಅವಳು ಉಂಡಳು. ಅವನು ಎದುರಿಗೆ ತಲೆ ತಗ್ಗಿಸಿ ಕೂತಿದ್ದ.